ಹೆಬಳೆಯ ಊಟ ಮತ್ತು ನನ್ನ ಸಾವಿನ ಸುದ್ದಿ

ನಾನು ತೂಕದ ಯಂತ್ರ ರಿಪೇರಿ ಮಾಡುವವನು. ಮನೆ ಕುಮಟೆಯಲ್ಲಿ. ಕಿರಾಣಿ ಅಂಗಡಿ, ಬಂಗಾರದ ಅಂಗಡಿ, ಮೀನು ಮಾರ್ಕೆಟ್ಟು, ಎಲ್ಲಿ ತಕ್ಕಡಿ ಕೆಟ್ಟರೂ ನನಗೆ ಫೋನು ಬರುತ್ತದೆ. ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತೇನೆ. ಹೊನ್ನಾವರಕ್ಕೂ ಭಟ್ಕಳಕ್ಕೂ ಹೋಗಿಬರುವುದೇ ಹೆಚ್ಚು. ಈ ತಿರುಗಾಟದಲ್ಲಿ ನಾನು ಗಳಿಸಿದ್ದು ಏನಾದರೂ ಇದ್ದರೆ ಅದು ಎಲ್ಲಿ ಒಳ್ಳೆಯ ಮೀನೂಟ ಸಿಗುತ್ತದೆ ಎಂಬ ತಿಳಿವಳಿಕೆ. ಹೆದ್ದಾರಿ ಪಕ್ಕದ ದೊಡ್ಡ ಬೋರ್ಡುಗಳನ್ನು ನಾನು ನಂಬಿದವನಲ್ಲ. ಮೀನು ಮಾರ್ಕೆಟ್ಟಿನಲ್ಲಿ ತಕ್ಕಡಿ ಬಿಚ್ಚಿಕೊಂಡು ಕೂತಾಗ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡ ಹೆಂಗಸರನ್ನು ಕೇಳುತ್ತೇನೆ, ಮನೆಗೆ ಹೋಗಲಾಗದ ದಿವಸ ನೀವು ಎಲ್ಲಿ ಉಣ್ಣುತ್ತೀರಿ ಅಂತ. ಅವರು ಹೇಳಿದ ಜಾಗಕ್ಕೆ ಹೋಗಿ ನಾನು ಮೋಸಹೋದದ್ದೇ ಇಲ್ಲ.

ಹೆಬಳೆ ಎಂಬ ಹಳ್ಳಿಯ ಊಟದ ಮನೆ ಸಿಕ್ಕಿದ್ದೂ ಹಾಗೆಯೇ. ಭಟ್ಕಳದ ಮಾರ್ಕೆಟ್ಟಿನಲ್ಲಿ ಒಬ್ಬಾಕೆ ನನ್ನನ್ನು ಮೇಲೆ ಕೆಳಗೆ ನೋಡಿ, ಇವನಿಗೆ ಹೇಳಬಹುದೋ ಬಾರದೋ ಎಂದು ಯೋಚಿಸಿ, ಕೊನೆಗೆ ದಾರಿ ಹೇಳಿದಳು. ಬೋರ್ಡಿಲ್ಲ. ಗದ್ದೆ ದಾಟಿದ ಮೇಲೆ ಒಂದು ಹಂಚಿನ ಮನೆ, ಅದರ ಜಗಲಿಯಲ್ಲಿ ಬೆಂಚು, ಉದ್ದ ಮೇಜು. ನಡೆಸುವವಳು ಐವತ್ತು ದಾಟಿದ ಒಬ್ಬ ಹೆಂಗಸು. ಗಂಡ ತೀರಿಕೊಂಡ ಮೇಲೆ ಶುರು ಮಾಡಿದ್ದಂತೆ. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅವಳು ನನ್ನನ್ನು ಮೊದಲ ದಿನದಿಂದಲೇ ತಮಾ ಎಂದಳು.

ಆ ಮೊದಲ ದಿನ ಜುಮ್ಮನಕಾಯಿ ಎಂಬ ಕಾಡುಮಸಾಲೆ ಜಜ್ಜಿ ಹಾಕಿದ ಬಂಗಡೆ ಸಾರು ಬಡಿಸಿದ್ದಳು. ಒಂದು ತುತ್ತು ಉಂಡವನು ಹಾಗೇ ಕೂತೆ. ನಾನು ಬಂಗಡೆ ತಿಂದೇ ಬೆಳೆದವನು, ಅದರಲ್ಲಿ ಹೊಸದೇನು ಇರಲು ಸಾಧ್ಯ ಅಂದುಕೊಂಡಿದ್ದೆ. ಕಾಯಿ, ಮೆಣಸು, ಹುಳಿ ಒಂದರ ಹಿಂದೊಂದು ಬಂದು, ಎಲ್ಲ ಮುಗಿಯಿತು ಅನ್ನುವಾಗ ನಾಲಗೆಯ ತುದಿಯಲ್ಲಿ ಜುಮ್ಮೆನ್ನುವ ಆ ಘಮ ಏಳುತ್ತಿತ್ತು. ಮನೆಗೆ ಹೋಗಿ ಹೆಂಡತಿಯ ಮುಂದೆ ವರ್ಣಿಸಿದೆ. ಅವಳು ಪಾತ್ರೆ ತೊಳೆಯುತ್ತ, "ಅಲ್ಲೇ ಇರಬಹುದಿತ್ತು" ಅಂದಳು.

ಆಮೇಲೆ ಭಟ್ಕಳದ ಕೆಲಸ ಬಂದಾಗೆಲ್ಲ ಮಧ್ಯಾಹ್ನಕ್ಕೆ ಹೆಬಳೆ. ನೊಗಲಿ ಮೀನಿನ ಫ್ರೈ, ತಾರ್ಲೆ ಮೀನಿನ ಪಲ್ಯ, ಶೆಟ್ಲಿ ಎಂದು ನಾವು ಕರೆಯುವ ಸಿಗಡಿಯ ಗಸಿ. ಅಕ್ಕ ಮಾಡಿದ್ದರಲ್ಲಿ ಯಾವುದನ್ನೂ ಬಿಟ್ಟವನಲ್ಲ.

ಮಳೆಗಾಲ ಕಳೆದ ಮೇಲೆ ಒಂದು ದಿನ ಹೋದಾಗ ಬೆಳಚಿನ ಸುಕ್ಕ ಇತ್ತು. ಬೆಳಚು ಎಂದರೆ ಹೊಳೆಯ ಮರಳಿನಲ್ಲಿ ಸಿಗುವ ಚಿಪ್ಪುಮೀನು. ಚಿಕ್ಕಂದಿನಲ್ಲಿ ಮಿರ್ಜಾನದ ನೆಂಟರ ಮನೆಗೆ ಹೋದಾಗ ಇಳಿತದ ಹೊತ್ತಿಗೆ ಹೊಳೆಗಿಳಿದು ನಾನೇ ಹೆಕ್ಕಿದ್ದಿದೆ, ಹೊಟ್ಟೆ ಬಿರಿಯುವಷ್ಟು ತಿಂದಿದ್ದಿದೆ. ಒಮ್ಮೆಯೂ ಮೈಮೇಲೆ ಒಂದು ಗುಳ್ಳೆ ಎದ್ದದ್ದಿಲ್ಲ. ಅಕ್ಕ ಬಡಿಸಿದಳು, ಉಂಡೆ, ಇನ್ನಷ್ಟು ಹಾಕಿಸಿಕೊಂಡೆ.

ಕೈ ತೊಳೆಯಲು ಎದ್ದಾಗ ಅಂಗೈ ತುರಿಸಿತು. ಮಸಾಲೆಯ ಖಾರಕ್ಕಿರಬೇಕು ಅಂದುಕೊಂಡೆ. ತುಟಿ ದಪ್ಪವಾದಂತೆ ಅನ್ನಿಸಿತು. ಮುಟ್ಟಿ ನೋಡಿದರೆ ನನ್ನ ತುಟಿಯಂತೆ ಇರಲಿಲ್ಲ. ಅಕ್ಕ ನೀರಿನ ಚೆಂಬು ಹಿಡಿದು ಬಂದವಳು ನನ್ನ ಮುಖ ನೋಡಿ ನಿಂತುಬಿಟ್ಟಳು.

"ಎಂತ ಆತು ತಮಾ? ಕಣ್ಣೆಲ್ಲ ಊದ್ಕಂಡದೆ."

ಏನೂ ಇಲ್ಲ ಎಂದು ಹೇಳಲು ಹೋದೆ. ಮಾತು ಹೊರಡಲಿಲ್ಲ. ಗಂಟಲೊಳಗೆ ಯಾರೋ ಹಗ್ಗ ಬಿಗಿದ ಹಾಗೆ. ಉಸಿರು ಎಳೆದರೆ ಸೀಟಿಯಂಥ ಶಬ್ದ. ಕಾಲಿನ ಶಕ್ತಿ ಹೋಗಿ ಜಗಲಿಯ ಕಂಬ ಹಿಡಿದು ಕೆಳಗೆ ಕೂತೆ. ಭಯಕ್ಕಿಂತ ಮೊದಲು ನನಗಾದದ್ದು ಅಚ್ಚರಿ. ಅದೇ ಅಡುಗೆ, ಅದೇ ಬಾಯಿ, ಇದ್ದಕ್ಕಿದ್ದಂತೆ ಇದೇನು ಅಂತ.

ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಎದ್ದರು. ಯಾರೋ ಆಟೋ ತಂದರು. ಅಕ್ಕ ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು ನನ್ನ ಜೊತೆ ಹತ್ತಿದಳು. ದಾರಿಯುದ್ದಕ್ಕೂ ನನ್ನ ತಲೆಯನ್ನು ತನ್ನ ಭುಜಕ್ಕೆ ಒತ್ತಿ ಹಿಡಿದು, "ಉಸಿರು ತಕಾ ತಮಾ, ಉಸಿರು ತಕಾ" ಎಂದು ಒಂದೇ ಮಾತು ಹೇಳುತ್ತಿದ್ದಳು. ಭಟ್ಕಳದ ಆಸ್ಪತ್ರೆ ತಲುಪಿದ್ದು, ತೊಡೆಗೆ ಸೂಜಿ ಚುಚ್ಚಿದ್ದು, ಮುಖಕ್ಕೆ ಆಮ್ಲಜನಕದ ಮುಖವಾಡ ಕಟ್ಟಿದ್ದು, ಇಷ್ಟು ನೆನಪಿದೆ. ಸೂಜಿಯಿಂದ ಉಸಿರು ಸಲೀಸಾಯಿತು, ಆದರೆ ಸ್ವಲ್ಪ ಹೊತ್ತಿಗೆ ಮತ್ತೆ ಗಂಟಲು ಕಟ್ಟತೊಡಗಿತು. ದೊಡ್ಡ ಆಸ್ಪತ್ರೆಗೆ ಸಾಗಿಸುವುದೇ ಒಳ್ಳೆಯದೆಂದು ಡಾಕ್ಟರು ಆಂಬುಲೆನ್ಸಿನಲ್ಲಿ ಉಡುಪಿ ಕಡೆಗೆ ಕಳಿಸಿದರು. ಬಾಗಿಲು ಹಾಕುವಾಗ ಹೊರಗೆ ನಿಂತ ಅಕ್ಕ ಕಂಡಳು. ಅವಳ ಬಲಗೈಗೆ ಇನ್ನೂ ಮಸಾಲೆ ಅಂಟಿತ್ತು.

ಬದುಕಿದೆ. ಅಲ್ಲಿಯ ಡಾಕ್ಟರು ವಿವರಿಸಿದರು. ಅಡುಗೆಯಲ್ಲಿ ಯಾವ ದೋಷವೂ ಇರಲಿಲ್ಲ, ನನ್ನ ಜೊತೆ ಅದನ್ನೇ ಉಂಡವರಿಗೆ ಏನೂ ಆಗಿರಲಿಲ್ಲ. ಚಿಪ್ಪುಮೀನು ನನ್ನ ಮೈಗೆ ಒಗ್ಗದಾಗಿತ್ತು, ಅಷ್ಟೇ.

"ಹುಟ್ಟಿದಾಗಿಂದ ತಿಂದಿದೇನಲ್ಲ ಡಾಕ್ಟ್ರೇ" ಅಂದೆ.

"ಕೆಲವರಿಗೆ ದೊಡ್ಡವರಾದ ಮೇಲೆ ಶುರುವಾಗ್ತದೆ. ಯಾಕೆ ಅಂತ ನಂಗೂ ಹೇಳೋಕೆ ಬರೂದಿಲ್ಲ" ಅಂದರು ಅವರು. ಪರೀಕ್ಷೆ ಮಾಡಿ, ಬೆಳಚು, ಶೆಟ್ಲಿ, ಏಡಿ ಮೂರನ್ನೂ ಜನ್ಮದಲ್ಲಿ ಮುಟ್ಟಬೇಡಿ, ಉಳಿದ ಮೀನು ಅಡ್ಡಿಯಿಲ್ಲ ಎಂದರು.

ಮನೆಗೆ ಬಂದು ಮಲಗಿದೆ. ಕೆಲಸಕ್ಕೆ ಹೋಗಲು ಹೆಂಡತಿ ಬಿಡಲಿಲ್ಲ. ಅಕ್ಕನಿಗೆ ಸುದ್ದಿ ತಿಳಿಸಬೇಕೆಂದು ಅನ್ನಿಸುತ್ತಿತ್ತು, ಆದರೆ ಅವಳ ಫೋನ್ ನಂಬರು ನನ್ನಲ್ಲಿರಲಿಲ್ಲ. ಊಟಕ್ಕೆ ಹೋಗುವವರು ನಂಬರು ಯಾಕೆ ತೆಗೆದುಕೊಳ್ಳುತ್ತಾರೆ.

ಒಂದು ಬೆಳಿಗ್ಗೆ ಚಾ ಕುಡಿಯುತ್ತ ಮೊಬೈಲು ನೋಡುತ್ತಿದ್ದೆ. ಹೊನ್ನಾವರದ ಒಬ್ಬ ಕಿರಾಣಿ ವ್ಯಾಪಾರಿ, ನನ್ನ ಹಳೇ ಗಿರಾಕಿ, ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ್ದ. ಯಾರನ್ನೋ ಎತ್ತಿ ಆಟೋದೊಳಗೆ ಕೂರಿಸುತ್ತಿದ್ದಾರೆ. ಮುಖ ಕಾಣುವುದಿಲ್ಲ, ಬೆನ್ನು ಮಾತ್ರ. ಕೆಳಗೆ ಬರೆದಿತ್ತು: ಹೆಬಳೆಯಲ್ಲಿ ವಿಷದ ಚಿಪ್ಪುಮೀನು ತಿಂದು ಒಬ್ಬರ ಸಾವು, ಎಲ್ಲರಿಗೂ ತಿಳಿಸಿ. ಅದರ ಕೆಳಗೆ ಆ ವ್ಯಾಪಾರಿ ತನ್ನದೇ ಮಾತು ಸೇರಿಸಿದ್ದ: ನೀವು ಆ ಬದಿ ಊಟ ಮಾಡ್ತಿರಲ್ಲ, ಹುಷಾರು.

ಬೆನ್ನಿನ ಮೇಲಿದ್ದ ನೀಲಿ ಚೌಕಳಿ ಅಂಗಿ ನನ್ನದು.

ನಾನು ಸತ್ತಿದ್ದೇನೆ ಎಂದು ನನಗೇ ಎಚ್ಚರಿಕೆ ಬಂದಿತ್ತು. ಹೆಂಡತಿಗೆ ತೋರಿಸಿದೆ. ಅವಳು ಓದಿ, ಮೊಬೈಲನ್ನು ಬೋರಲು ಇಟ್ಟು, ನನ್ನ ಕೈ ಹಿಡಿದಳು. ಆಮೇಲೆ ಕೇಳಿದಳು, "ಆ ಅಕ್ಕನ ಕತೆ ಏನಾಗಿರಬಹುದು?"

ಮರುದಿನವೇ ಇಬ್ಬರೂ ಹೊರಟೆವು. ಇಷ್ಟು ವರ್ಷ ನಾನು ಉಂಡ ಯಾವ ಜಾಗಕ್ಕೂ ಅವಳು ಬಂದವಳಲ್ಲ.

ಭಟ್ಕಳದಲ್ಲಿ ಬಸ್ಸಿಳಿದು ಆಟೋ ಹತ್ತಿ ಹೋಗಬೇಕಾದ ಮನೆಯ ಗುರುತು ಹೇಳಿದೆ. ಚಾಲಕ ತಿರುಗಿ ನೋಡಿದ.

"ಊಟಕ್ಕಾದ್ರೆ ಬೇಡ. ಅಲ್ಲಿ ಒಬ್ಬ ಸತ್ತೋಗಿದಾನೆ."

"ಯಾರು?" ಎಂದು ಕೇಳಿದೆ.

"ಕುಮಟೆ ಬದಿಯವ್ನಂತೆ. ಆಂಬುಲೆನ್ಸಿನಲ್ಲೇ ಪ್ರಾಣ ಹೋಯ್ತು. ಸಣ್ಣ ಸಣ್ಣ ಮಕ್ಕಳಂತೆ, ಪಾಪ. ಹೆಂಡ್ತಿ ಕೇಸ್ ಹಾಕಿದಾಳೆ ಅಂತಾರೆ."

ಮಕ್ಕಳಿಲ್ಲದ ನನ್ನ ಹೆಂಡತಿ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಗದ್ದೆ ಬದಿಯ ರಸ್ತೆಗೆ ತಿರುಗಿದ ಮೇಲೆ ಮೆಲ್ಲಗೆ ಹೇಳಿದಳು, "ನಾನೇ ಆ ಹೆಂಡ್ತಿ. ಸತ್ತವ್ರು ಇವ್ರೇ."

ಆಟೋ ನಿಂತಿತು. ಚಾಲಕ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಆಮೇಲೆ ಗೇರು ಹಾಕಿದ.

ಜಗಲಿಯಲ್ಲಿ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒರಗಿಸಿದ್ದರು. ಮೇಜಿನ ಮೇಲೆ ಮೆಣಸು ಒಣಹಾಕಿತ್ತು. ಅಕ್ಕ ಬಾಗಿಲಲ್ಲಿ ಕೂತು ತೆಂಗಿನ ಗರಿ ಸೀಳಿ ಪೊರಕೆಯ ಹಿಡಿಕಡ್ಡಿ ತೆಗೆಯುತ್ತಿದ್ದಳು. ಸದ್ದಿಗೆ ತಲೆಯೆತ್ತಿದಳು. ನನ್ನ ಮುಖ ನೋಡಿದ ಕೂಡಲೇ ಅವಳ ಕಣ್ಣು ಕೆಳಗಿಳಿದು ನನ್ನ ಪಾದಗಳ ಮೇಲೆ ನಿಂತಿತು. ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಅವಳು ಅದನ್ನೇ ನೋಡುತ್ತಿದ್ದಾಳೆಂದು ತಿಳಿಯಿತು. ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ನಿಂತೆ.

"ಅಕ್ಕಾ, ನಾನೇ."

ಅವಳು ಎದ್ದು ಬಂದು ನನ್ನ ಮೊಣಕೈ ಮುಟ್ಟಿದಳು. ಆಮೇಲೆ ಗಲ್ಲ. ಮತ್ತೆ ಹೋಗಿ ಬಾಗಿಲಲ್ಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನ್ನ ಹೆಂಡತಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು.

ಆಂಬುಲೆನ್ಸು ಹೋದ ಮೇಲೆ ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ ದೊಡ್ಡ ಆಸ್ಪತ್ರೆಗೆ ಹೋಗಿದಾರೆ ಅಂದರು. ಸಂಜೆಯ ಹೊತ್ತಿಗೆ ಊರಿನಲ್ಲಿ ಸುದ್ದಿ ಹಬ್ಬಿತ್ತು. ಮರುದಿನ ಊಟಕ್ಕೆ ಒಬ್ಬನೂ ಬರಲಿಲ್ಲ. ದಿನಾ ಬರುತ್ತಿದ್ದವರು ದಾರಿಯಲ್ಲಿ ಕಂಡರೆ ಬೇರೆ ಕಡೆ ನೋಡಿದರು. ಕೆಲವರು ಸಮಾಧಾನ ಹೇಳಲು ಬಂದರು, ಅವರೂ ನೀರು ಕೊಟ್ಟರೆ ಕುಡಿಯಲಿಲ್ಲ.

"ನಾನೇ ಕೊಂದೆ ಅಂತ್ಲೇ ತಿಳ್ಕಂಡಿದ್ದೆ ತಮಾ" ಅಂದಳು. "ಕಣ್ಣು ಮುಚ್ಚಿದ್ರೆ ನಿನ್ನ ಉಸುರಿನ ಸದ್ದೇ ಕೇಳೂದು. ಬೆಳಚು ತೊಳೆದದ್ದು ಸರಿಯಾಗಿತ್ತೋ, ಬೇಸಿದ್ದು ಸರಿಯಾಗಿತ್ತೋ, ಅದೇ ಯೋಚ್ನೆ."

ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವಳು ತಲೆಯಾಡಿಸಿದಳು, ಆದರೆ ಮುಖ ಸಡಿಲವಾಗಲಿಲ್ಲ. ಆಗ ಅಂದೆ, "ಹಸಿವಾಗಿದೆ. ಊಟ ಹಾಕು."

"ನಾ ನಿಂಗೆ ಬಡಿಸೂದಿಲ್ಲ."

"ಮೀನು ತಿನ್ನಬಹುದು ಅಂದಿದಾರೆ."

"ಯಾರು ಅಂದ್ರೂ ಇಲ್ಲ. ಬೇಕಾದ್ರೆ ಗಂಜಿ ಉಪ್ಪಿನಕಾಯಿ ತಿಂದು ಹೋಗು."

ನನ್ನ ಹೆಂಡತಿ ಎದ್ದಳು. "ಒಳಗೆ ಬನ್ನಿ ಅಕ್ಕಾ, ಇಬ್ರೂ ಸೇರಿ ಮಾಡುವ" ಎಂದು ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ನಾನು ಬೆಂಚುಗಳನ್ನು ಇಳಿಸತೊಡಗಿದೆ. ಆಟೋ ಚಾಲಕ ಹೋಗಿರಲಿಲ್ಲ. ಅಂಗಳದಲ್ಲೇ ನಿಂತಿದ್ದವನು ಬಂದು ಇನ್ನೊಂದು ತುದಿ ಹಿಡಿದ. ಆಮೇಲೆ ಗಾಡಿ ತೆಗೆದುಕೊಂಡು ಹೋಗಿ ಬಂಗಡೆ ತಂದ. ಚಿಪ್ಪುಮೀನು ತಾಗಿದ ಪಾತ್ರೆ ಬೇಡವೆಂದು ಅಕ್ಕ ಅಟ್ಟದಿಂದ ಹೊಸ ಮಣ್ಣಿನ ಗಡಿಗೆ ಇಳಿಸಿದಳೆಂದು ಹೆಂಡತಿ ಆಮೇಲೆ ಹೇಳಿದಳು.

ಅನ್ನ, ಜುಮ್ಮನಕಾಯಿಯ ಬಂಗಡೆ ಸಾರು ಹಾಕಿದ ಬಟ್ಟಲು ಬಂತು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾನು ಧೈರ್ಯವಾಗಿ ಉಂಡು ತೋರಿಸಬೇಕು ಎಂದುಕೊಂಡು ಬಂದವನು. ಅನ್ನ ಕಲಸಿ ತುತ್ತು ಎತ್ತಿದೆ. ಕೈ ಬಾಯಿಯ ಹತ್ತಿರ ಹೋಗಿ ನಿಂತಿತು. ಗಂಟಲು ಬಿಗಿಯಿತು, ನಿಜವಾಗಿ ಬಿಗಿಯಿತು. ಆ ಘಮ ಮೂಗಿಗೆ ಬಂದದ್ದೇ ತಡ, ಮೈಯೆಲ್ಲ ಬೆವರಿತು. ಇನ್ನೂ ಏನೂ ತಿಂದಿರಲಿಲ್ಲ. ನನ್ನ ಜೀವಮಾನದ ರುಚಿಗೆ ನಾನೇ ಹೆದರುತ್ತಿದ್ದೆ, ಇದು ನನಗೆ ಆಟೋದಲ್ಲಿ ಉಸಿರು ಕಟ್ಟಿದ್ದಕ್ಕಿಂತ ದೊಡ್ಡ ಆಘಾತವಾಗಿತ್ತು. ಅಕ್ಕ ನೋಡುತ್ತಿದ್ದಾಳೆ. ತುತ್ತನ್ನು ಮರಳಿ ಬಟ್ಟಲಿಗೆ ಇಳಿಸಿದರೆ ಅವಳು ಇನ್ನು ಒಲೆ ಹಚ್ಚುವುದಿಲ್ಲ ಎಂಬುದು ಗೊತ್ತಿತ್ತು. ಆದರೂ ಕೈ ಮೇಲೇಳಲಿಲ್ಲ.

ಹೆಂಡತಿ ಬಂದು ಎದುರಿಗೆ ಕೂತಳು. ನನ್ನ ಬಟ್ಟಲಿನಿಂದಲೇ ಒಂದು ತುಂಡು ಮುರಿದು ತಾನು ಬಾಯಿಗೆ ಹಾಕಿಕೊಂಡಳು. ಮುಳ್ಳು ತೆಗೆದು ಬದಿಗಿಟ್ಟಳು. "ಈಗ ಗೊತ್ತಾಯ್ತು ನೀವು ಯಾಕೆ ಇಲ್ಲಿಗೆ ಬರ್ತಿದ್ರಿ ಅಂತ" ಅಂದಳು. "ಅವಸರ ಬೇಡ. ಬಸ್ಸು ಎಷ್ಟೋ ಇವೆ."

ಅದು ಹೇಗೋ, ಬಸ್ಸಿನ ಮಾತು ಕೇಳಿ ಮೈ ಸಡಿಲವಾಯಿತು. ತುತ್ತು ನುಂಗಿದೆ. ಕಾದೆ. ಎಲ್ಲರೂ ಕಾದರು. ತುಟಿ ಮುಟ್ಟಿ ನೋಡಿಕೊಂಡೆ. ನನ್ನದೇ ತುಟಿ. ಇನ್ನೊಂದು ತುತ್ತು ತೆಗೆದುಕೊಂಡೆ. ಅರ್ಧ ಊಟವಾಗುವಾಗ ಆಟೋ ಚಾಲಕ ಅಕ್ಕನ ಮುಖ ನೋಡದೆ, "ನಂಗೂ ಒಂದು ಬಟ್ಟಲು ಹಾಕಿ" ಅಂದ.

ಅವನೇ ಫೋಟೊ ತೆಗೆದ, ನಾನು ಉಣ್ಣುತ್ತಿರುವುದು, ಪಕ್ಕದಲ್ಲಿ ಅಕ್ಕ. ಸತ್ತಿಲ್ಲ ಎಂದು ಬರೆದು ತನಗೆ ಗೊತ್ತಿದ್ದ ಎಲ್ಲ ಗ್ರೂಪುಗಳಿಗೆ ಹಾಕಿದ. ಹೊನ್ನಾವರದ ವ್ಯಾಪಾರಿಗೆ ನಾನೇ ಕಳಿಸಿದೆ. ಅವನು ಕೂಡಲೇ ಫೋನ್ ಮಾಡಿ ನನ್ನದೇ ದನಿ ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ತಿಳಿದದ್ದು, ಎಷ್ಟೋ ಜನ ಅದು ಹಳೇ ಫೋಟೊ ಅಂದರಂತೆ. ಸತ್ತ ಸುದ್ದಿ ಹೋದಷ್ಟು ದೂರ ಬದುಕಿದ ಸುದ್ದಿ ಹೋಗಲಿಲ್ಲ.

ಆದರೂ ಆಟೋದವರು ಬಂದರು. ಅವರ ಹಿಂದೆ ಮಾರ್ಕೆಟ್ಟಿನ ಹೆಂಗಸರು ಬಂದರು. ಮೊದಲಿನಷ್ಟು ಜನ ಈಗಲೂ ಇಲ್ಲ. ಕೆಲವರು ಒಮ್ಮೆಯೂ ತಿರುಗಿ ಬರಲಿಲ್ಲ, ಅದರಲ್ಲಿ ಅಕ್ಕನ ಹತ್ತಿರದ ನೆಂಟರೂ ಇದ್ದಾರೆ. ಅವಳು ಆ ಮಾತು ಎತ್ತುವುದಿಲ್ಲ.

ಮೊನ್ನೆ ಹೋದಾಗ ಬೆಳಚು ಮಾರುವವಳು ಅಂಗಳಕ್ಕೆ ಬಂದು ಬುಟ್ಟಿ ಇಳಿಸಿದ್ದಳು. ಅಕ್ಕ ಬೇಡವೆಂದು ಕಳಿಸಿದಳು. ನಾನು ಹೇಳಿದೆ, "ನನಗಾಗಿ ಬಿಡಬೇಡ ಅಕ್ಕಾ. ಉಳಿದವರು ತಿಂತಾರೆ. ನಿನ್ನ ಸುಕ್ಕ ಬೇರೆ ಯಾರಿಗೂ ಬರುವುದಿಲ್ಲ."

"ಗೊತ್ತದೆ" ಅಂದಳು ಅವಳು. "ಕೈ ಏಳೂದಿಲ್ಲ ತಮಾ. ಆದಾಗ ಮಾಡ್ತೆ."

ಬುಟ್ಟಿ ಹೊತ್ತವಳು ಗದ್ದೆಯ ಅಂಚಿನಲ್ಲಿ ತಿರುಗುವವರೆಗೂ ಅಕ್ಕ ಅದೇ ದಿಕ್ಕಿಗೆ ನೋಡುತ್ತಿದ್ದಳು. ಆಮೇಲೆ ಒಳಗೆ ಹೋಗಿ ಅನ್ನದ ಪಾತ್ರೆ ತಂದಳು.