ನಾನು ಕೇಳದ ಹೂವು

ಅಕ್ಕನ ಮದುವೆಗೆ ಹೂ ಕೇಳಿಕೊಂಡು ಬಾ ಎಂದು ಅವ್ವ ನನ್ನನ್ನು ದೇವಸ್ಥಾನಕ್ಕೆ ಕಳಿಸಿದ್ದಳು. ನಾನು ಹೋಗಲಿಲ್ಲ. ಹೋಗಿ ಬಂದೆ ಎಂದು ಸುಳ್ಳು ಹೇಳಿದೆ. ಆಗ ನನಗೆ ಇಪ್ಪತ್ತು ವರ್ಷ, ಅಕ್ಕನಿಗೆ ಇಪ್ಪತ್ತನಾಲ್ಕು. ಈಗ ನನ್ನ ತಲೆ ಅರ್ಧ ಬೆಳ್ಳಗಾಗಿದೆ, ಅಕ್ಕನದು ಪೂರ್ತಿ ಬೆಳ್ಳಗಾಗಿದೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಹೋದ ತಿಂಗಳು ಮನೆಯವರೆಲ್ಲ ಕೂತು ಒಂದು ತಮಾಷೆ ಸಿನಿಮಾ ನೋಡದೆ ಇದ್ದಿದ್ದರೆ ಈಗಲೂ ಹೇಳುತ್ತಿರಲಿಲ್ಲವೇನೋ.

ಹೂ ಕೇಳುವುದು ಎಂದರೆ ಏನೆಂದು ಗೊತ್ತಿಲ್ಲದವರೂ ಇರಬಹುದು. ಒಂದು ಕೆಲಸ ಮಾಡಬೇಕೋ ಬೇಡವೋ ಎಂದು ತೀರ್ಮಾನವಾಗದಿದ್ದಾಗ ಅಮ್ಮನೋರ ಗುಡಿಗೆ ಹೋಗಿ ಕೂರುತ್ತಾರೆ. ಪೂಜಾರಿ ದೇವಿಯ ಎರಡೂ ಭುಜದ ಮೇಲೆ ಒದ್ದೆ ಹೂ ಅಂಟಿಸುತ್ತಾರೆ. ನಾವು ಮನಸ್ಸಿನಲ್ಲೇ ಕೇಳಿಕೊಂಡು ಕಾಯಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಕೆಲವು ಸಲ ಐದು ನಿಮಿಷಕ್ಕೇ ಬೀಳುತ್ತದೆ, ಕೆಲವು ಸಲ ಕಾಲು ಜೋಮು ಹಿಡಿದರೂ ಬೀಳುವುದಿಲ್ಲ. ನಮ್ಮವ್ವ ಮನೆ ಬದಲಾಯಿಸುವುದಕ್ಕೂ ಹೂ ಕೇಳಿದ್ದಳು, ನನ್ನನ್ನು ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸುವುದಕ್ಕೂ ಕೇಳಿದ್ದಳು.

ಆಗ ನಾವಿದ್ದದ್ದು ಕಾಮಾಕ್ಷಿಪಾಳ್ಯದ ಒಂದು ವಠಾರದಲ್ಲಿ. ಅಪ್ಪ ತೀರಿಕೊಂಡಿದ್ದ. ಅಕ್ಕ ಗಾರ್ಮೆಂಟ್ಸ್‌ನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು, ನಾನು ಲೇತ್ ವರ್ಕ್‌ಶಾಪಿನಲ್ಲಿದ್ದೆ. ನಾಯಂಡಹಳ್ಳಿಯ ಗೋಡೌನಿನಲ್ಲಿ ಕೆಲಸಕ್ಕಿದ್ದ ಒಬ್ಬರು ಅಕ್ಕನನ್ನು ನೋಡಲು ಬಂದರು. ಕಾಫಿ ಕುಡಿದು, ಲೋಟವನ್ನು ತಾವೇ ಎತ್ತಿಕೊಂಡು ಹೋಗಿ ಅಡುಗೆಮನೆಯ ಬಾಗಿಲಲ್ಲಿಟ್ಟರು. ಹೆಣ್ಣು ನೋಡಲು ಬಂದ ಗಂಡು ಹಾಗೆ ಮಾಡಿದ್ದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಅವರು ಹೋದ ಮೇಲೆ ಅಕ್ಕ ಆ ಒಂದು ಲೋಟವನ್ನೇ ಎಷ್ಟೋ ಹೊತ್ತು ತೊಳೆದಳು.

ಅವ್ವನಿಗೂ ಇಷ್ಟವಾಗಿತ್ತು. ಆದರೆ ಅಕ್ಕ ಹುಟ್ಟಿದ ಹೊತ್ತನ್ನು ಯಾರೂ ಬರೆದಿಟ್ಟಿರಲಿಲ್ಲ. ಜಾತಕವಿಲ್ಲದ ಮೇಲೆ ಹೂವೇ ಗತಿ. ಅವ್ವನ ಕಾಲು ಉಳುಕಿತ್ತು. ತನ್ನ ಮದುವೆಗೆ ತಾನೇ ಹೋಗಿ ಕೇಳಲು ಅಕ್ಕನಿಗೆ ನಾಚಿಕೆ.

"ನೀನ್ ಹೋಗಪ್ಪ. ಅಭಿಷೇಕ ಆಗಿದ್ ತಕ್ಷಣ ಕೇಳ್ಬೇಕು. ಮಧ್ಯಾಹ್ನ ಬಾಗ್ಲಾಕ್ತಾರೆ" ಎಂದು ಅವ್ವ ಕಾಯಿ, ವೀಳ್ಯದೆಲೆ, ಬಾಳೆಹಣ್ಣು, ಒಂದು ಮೊಳ ಹೂವನ್ನು ಚೀಲಕ್ಕೆ ಹಾಕಿ ಕೊಟ್ಟಳು.

ಅವತ್ತು ಶುಕ್ರವಾರ. ಗುಡಿಯ ಮುಂದೆ ಕ್ಯೂ ಇತ್ತು. ಕರೆಂಟ್ ಇಲ್ಲದೆ ನಮ್ಮ ವರ್ಕ್‌ಶಾಪ್ ನಿಂತಿತ್ತು, ಗೆಳೆಯರು ರಸ್ತೆಯ ಆಚೆ ಅದರ ಬಾಗಿಲಲ್ಲೇ ಕೇರಂ ಬೋರ್ಡ್ ಹಾಕಿಕೊಂಡು ಕೂತಿದ್ದರು. "ಕ್ಯೂ ಕರಗ್ಲಿ ಬಾ ಮಗಾ, ಒಂದ್ ಬೋರ್ಡ್ ಆಡಿ ಹೋಗು" ಅಂದ ಒಬ್ಬ. ಒಂದು ಬೋರ್ಡ್ ನಾಲ್ಕಾಯಿತು. ತಲೆ ಎತ್ತಿ ನೋಡಿದಾಗ ಗುಡಿಯ ಬಾಗಿಲು ಹಾಕಿತ್ತು.

ಮನೆಗೆ ಹೋಗಿ ನಿಜ ಹೇಳಬಹುದಿತ್ತು. ಅವ್ವ ಬೈಯುತ್ತಿದ್ದಳು, ಮುಂದಿನ ಮಂಗಳವಾರ ಮತ್ತೆ ಕಳಿಸುತ್ತಿದ್ದಳು, ಅಷ್ಟಕ್ಕೇ ಮುಗಿಯುತ್ತಿತ್ತು. ಆ ಬೈಗುಳಕ್ಕೆ ಹೆದರಿದೆ. ವರ್ಕ್‌ಶಾಪಿನ ಹೊಸ್ತಿಲ ಕಲ್ಲಿಗೆ ಕಾಯಿ ಒಡೆದೆ. ಮೆಷಿನ್ ಪೂಜೆಗೆಂದು ಗೂಡಿನಲ್ಲಿಟ್ಟಿದ್ದ ಕುಂಕುಮವನ್ನು ಎಲೆಯ ಮೇಲೆ ಹಾಕಿಕೊಂಡೆ. ಪ್ರಸಾದ ತಯಾರಾಯಿತು.

"ಯಾವ ಕಡೆ ಬಿತ್ತು?" ಎಂದಳು ಅವ್ವ.

ಅಷ್ಟು ದೂರ ನಡೆದು ಬಂದರೂ ಈ ಪ್ರಶ್ನೆಗೆ ಉತ್ತರ ಯೋಚಿಸಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಬಲ ಅಂದರೆ ಮದುವೆ ನಡೆಯುತ್ತದೆ, ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಅದು ನನ್ನ ತಲೆಗೆ ಬರುತ್ತದೆ. ಎಡ ಅಂದರೆ ಏನೂ ನಡೆಯುವುದಿಲ್ಲ, ನಡೆಯದೇ ಇದ್ದದ್ದಕ್ಕೆ ಯಾರೂ ನನ್ನನ್ನು ಹಿಡಿದು ಕೇಳುವುದಿಲ್ಲ. ಆ ಹೊತ್ತಿಗೆ ಇಷ್ಟೇ ಹೊಳೆದದ್ದು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ. ಅಕ್ಕ ಹೋಗಿಬಿಟ್ಟರೆ ಬೆಳಿಗ್ಗೆ ನನಗೆ ಡಬ್ಬಿ ಕಟ್ಟುವವರು ಯಾರು, ಗ್ರೀಸ್ ಮೆತ್ತಿದ ಬಟ್ಟೆ ಒಗೆಯುವವರು ಯಾರು ಎನ್ನುವುದೂ ಹೊಳೆದಿತ್ತು.

"ಎಡಗಡೆ" ಅಂದೆ.

ಅವ್ವ ಗೋಡೆಯ ಮೇಲಿನ ದೇವರ ಪಟಕ್ಕೆ ಕೈ ಮುಗಿದಳು. ಸ್ವಲ್ಪ ಹೊತ್ತು ಬಿಟ್ಟು ಪಾತ್ರೆಯ ಸದ್ದು ಮತ್ತೆ ಶುರುವಾಯಿತು. ಮರುದಿನ ಆ ಕಾಯಿಯ ಚಟ್ನಿ ಅರೆದವಳು ಅಕ್ಕ. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ.

ಆಮೇಲೂ ಗಂಡುಗಳು ಬಂದವು. ಅಕ್ಕ ತಾನೇ ಬೇಡ ಎನ್ನುತ್ತಿದ್ದಳು. "ಅಮ್ಮನೋರೇ ಬೇಡ ಅಂದ್ಮೇಲೆ ನಾನ್ಯಾಕೆ ಎದುರಾಡ್ಲಿ?" ಒಂದು ಗಂಡಿಗೆ ಬಿದ್ದ ಹೂವನ್ನು ಅವಳು ತನ್ನ ಇಡೀ ಬದುಕಿಗೇ ಬಿತ್ತು ಎಂದುಕೊಂಡಿದ್ದಳು. ಗುಡಿಯೊಳಗೆ ಕಾಲಿಡುವುದನ್ನೂ ಬಿಟ್ಟಳು. ಎಲ್ಲರ ಜೊತೆ ಬಾಗಿಲವರೆಗೆ ಬರುತ್ತಿದ್ದಳು, "ನೀವ್ ಹೋಗ್ಬನ್ನಿ, ಚಪ್ಪಲಿ ನೋಡ್ಕೊಳೋರು ಬೇಕಲ್ಲ" ಎಂದು ಹೊರಗೇ ನಿಲ್ಲುತ್ತಿದ್ದಳು. ನನ್ನ ಮದುವೆಯ ಮರುದಿನ, ನನ್ನ ಮಗಳ ಮುಡಿ ಕೊಟ್ಟ ದಿನ, ಅವ್ವನಿಗೆ ಕೊನೆಯ ಸಲ ದೇವರ ದರ್ಶನ ಮಾಡಿಸಿದ ದಿನ, ಎಲ್ಲ ಸಲವೂ ಅಕ್ಕ ಹೊರಗೆ ಚಪ್ಪಲಿ ಕಾಯುತ್ತಿದ್ದಳು. ಅವ್ವ ಸತ್ತು ನಾಲ್ಕು ವರ್ಷವಾಯಿತು. ಅವಳಿಗೂ ನಾನು ಹೇಳಲಿಲ್ಲ.

ಈಗ ನಾವು ಉಲ್ಲಾಳದಲ್ಲಿದ್ದೇವೆ. ನಾನು, ಹೆಂಡತಿ, ಡಿಗ್ರಿ ಓದುವ ಮಗಳು, ಅಕ್ಕ. ಹೋದ ತಿಂಗಳು ಒಂದು ಭಾನುವಾರ ಊಟವಾದ ಮೇಲೆ ಮಗಳು ಟಿವಿಯಲ್ಲಿ ಒಂದು ಸಿನಿಮಾ ಹಾಕಿದಳು. ಕೆಳಗಿನ ಮನೆಯ ಆಂಟಿಯೂ ಬಂದರು. ಅಕ್ಕ ನೆನೆಸಿದ ಅವರೆಕಾಳಿನ ಪಾತ್ರೆ ಮಡಿಲಲ್ಲಿಟ್ಟುಕೊಂಡು, ಸಿಪ್ಪೆ ಹಿದುಕುತ್ತಾ ನೋಡುತ್ತಿದ್ದಳು.

ಕಥೆ ಇಷ್ಟೇ. ಒಂದು ಛತ್ರದಲ್ಲಿ ಮದುವೆ. ಕರೆಂಟ್ ಹೋದಾಗ ಕತ್ತಲಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಒಬ್ಬರ ಒಂದೊಂದು ಚಪ್ಪಲಿಯನ್ನು ಇನ್ನೊಬ್ಬರು ಮೆಟ್ಟಿಕೊಂಡು ಹೋಗಿಬಿಡುತ್ತಾರೆ. ಚಪ್ಪಲಿ ಹುಡುಕಲು ಹೋಗಿ ಪ್ರೀತಿಯಾಗುತ್ತದೆ. ಒಂದು ದಿನ ಹುಡುಗ ತನ್ನ ಗೆಳೆಯನನ್ನು ಕರೆದು, ನಾನು ಬರುವುದು ತಡವಾಗುತ್ತದೆ, ಬಸ್‌ಸ್ಟ್ಯಾಂಡಿನಲ್ಲೇ ಕಾದಿರು ಎಂದು ಅವಳಿಗೆ ಹೇಳಿ ಬಾ ಅನ್ನುತ್ತಾನೆ. ಗೆಳೆಯ ದಾರಿಯಲ್ಲಿ ಯಾರದೋ ಮದುವೆ ಊಟಕ್ಕೆ ನುಗ್ಗಿ, ಹೋಳಿಗೆ ತಿನ್ನುತ್ತಾ ವಿಷಯವನ್ನೇ ಮರೆಯುತ್ತಾನೆ. ಹುಡುಗಿ ಸಿಟ್ಟಾಗಿ ಊರು ಬಿಟ್ಟು ಹೋಗುತ್ತಾಳೆ. ಮೂರು ವರ್ಷದ ಮೇಲೆ ಇನ್ನೊಂದು ಛತ್ರದ ಬಾಗಿಲಲ್ಲಿ ಅವೇ ಚಪ್ಪಲಿಗಳು ಅಕ್ಕಪಕ್ಕ ಸಿಗುತ್ತವೆ, ಇಬ್ಬರೂ ಒಂದಾಗುತ್ತಾರೆ. ಆ ಗೆಳೆಯ ಎಲೆಯ ಮುಂದೆ ಕೂತು "ಇನ್ನೊಂದು ಹಾಕಿ, ತುಪ್ಪ ಜಾಸ್ತಿ ಇರ್ಲಿ" ಎನ್ನುವಾಗ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಸಿನಿಮಾ ಮುಗಿದಾಗ ಆಂಟಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಋಣಾನುಬಂಧ ಅಂದ್ರೆ ಇದೇ ನೋಡಿ. ಎಷ್ಟ್ ಚೆನ್ನಾಗ್ ತೆಗ್ದಿದಾರೆ."

"ಅಯ್ಯೋ ಆಂಟಿ, ಮೂರ್ ವರ್ಷ ಬಾಳಿಕೆ ಬರೋ ಚಪ್ಪಲಿ ಎಲ್ ಸಿಗುತ್ತೆ ಹೇಳಿ, ನಾನೂ ತಗೋತೀನಿ. ನಂದು ಮೂರ್ ತಿಂಗ್ಳಿಗೇ ಕಿತ್ತೋಗುತ್ತೆ" ಎಂದಳು ಮಗಳು.

ನನ್ನ ಹೆಂಡತಿಗೆ ಇಷ್ಟವಾಗಿರಲಿಲ್ಲ. "ಇಂಟರ್ವಲ್ ಆದ್ಮೇಲೆ ಬರೀ ಎಳ್ದಿದಾರೆ. ಆ ಹುಡ್ಗಿಗೆ ಒಂದ್ ಫೋನ್ ಮಾಡೋಕೆ ಏನ್ ಕಷ್ಟ? ಎಲ್ಲಾದಕ್ಕೂ ವಿಧಿ ವಿಧಿ ಅಂತಾರೆ. ಚಾರ್ಜ್ ಹೋಗಿದ್ರೆ ಅದೂ ವಿಧಿನಾ?"

"ವಿಧಿನೂ ಇಲ್ಲ ಏನೂ ಇಲ್ಲಮ್ಮ. ಎಲ್ಲಾ ಆ ಹೋಳಿಗೆಯವನಿಂದ. ಅವನೇ ವಿಲನ್. ಕೊನೇಲಿ ಅವನಿಗೊಂದ್ ಏಟೂ ಬೀಳ್ಲಿಲ್ಲ, ಜೊತೇಲಿ ನಿಂತ್ಕೊಂಡು ಫೋಟೋ ಬೇರೆ ತೆಗಿಸ್ಕೊಂಡ" ಎಂದಳು ಮಗಳು.

"ಅವನು ಕಾಮಿಡಿಗೆ ಕಣೇ" ಅಂದರು ಆಂಟಿ.

"ಅವಳ್ದು ಮೂರ್ ವರ್ಷ ಹೋಯ್ತಲ್ಲ ಆಂಟಿ. ಅದು ಕಾಮಿಡಿನಾ?"

ಅಕ್ಕ ಅವರೆಕಾಳಿನ ಪಾತ್ರೆಯಿಂದ ತಲೆ ಎತ್ತಿದಳು.

"ಪಾಪ, ಅವನನ್ಯಾಕೆ ಬೈತೀಯೇ? ಬೇಕು ಅಂತ ಮಾಡಿದ್ನಾ ಅವ್ನು? ಅವರಿಬ್ರೂ ಸೇರ್ಬೇಕು ಅಂತ ಬರ್ದಿತ್ತು, ಸೇರಿದ್ರು. ಬರ್ದಿಲ್ದಿದ್ರೆ ಅವನು ಓಡೋಗಿ ಹೇಳಿದ್ರೂ ಅಷ್ಟೇ."

"ಅದ್ ನಿಂಗೆ ಹೆಂಗೊತ್ತು ಅತ್ತೆ?"

"ನಂಗ್ ಗೊತ್ತಿಲ್ದೆ ಇನ್ಯಾರಿಗ್ ಗೊತ್ತಿರುತ್ತೆ? ನಂಗೆ ಅಮ್ಮನೋರು ಹೂವೇ ಕೊಡ್ಲಿಲ್ವಲ್ಲ" ಎಂದು ಅಕ್ಕ ನಕ್ಕಳು. ಹಿದುಕಿದ ಬೇಳೆಯ ಕೈಯಲ್ಲೇ ನನ್ನ ಕಡೆ ತೋರಿಸಿದಳು. "ಕೇಳ್ಕೊಂಡ್ ಬಂದೋನು ಇಲ್ಲೇ ಕೂತವ್ನೆ. ಬೇಕಿದ್ರೆ ನಿಮ್ಮಪ್ಪನ್ನೇ ಕೇಳು."

ಮಗಳು ನನ್ನ ಮುಖ ನೋಡಿದಳು. "ಹೌದಾ ಅಪ್ಪ?"

ನಾನು ನೀರು ಕುಡಿಯಲು ಎದ್ದು ಹೋದೆ.

ಆ ವಾರ ನಾನೀಗ ಕೆಲಸಕ್ಕಿರುವ ವರ್ಕ್‌ಶಾಪಿನಲ್ಲಿ ಎರಡು ಪೀಸ್ ಹಾಳು ಮಾಡಿದೆ. ಕಣ್ಣ ಮುಂದೆ ಆ ಹೋಳಿಗೆಯವನೇ ಬರುತ್ತಿದ್ದ. ಅವನು ಮರೆತಿದ್ದ, ಅಷ್ಟೇ. ನಾನು ಮರೆತಿರಲಿಲ್ಲ. ಸಿನಿಮಾದಲ್ಲಿ ಮೂರು ವರ್ಷಕ್ಕೆ ಎಲ್ಲ ಸರಿಹೋಯಿತು. ಅಕ್ಕನನ್ನು ನೋಡಿ, ಲೋಟ ಎತ್ತಿಟ್ಟು ಹೋದವರಿಗೆ ಅದೇ ವರ್ಷ ಬೇರೆ ಕಡೆ ಮದುವೆಯಾಗಿತ್ತು. ಒಮ್ಮೆ ನಾಯಂಡಹಳ್ಳಿ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲಲ್ಲಿ ಅವರನ್ನು ಕಂಡಿದ್ದೆ. ಹೆಂಡತಿಯ ಕೈಚೀಲವನ್ನು ತಾವು ಹಿಡಿದುಕೊಂಡು ಹತ್ತುತ್ತಿದ್ದರು. ಅವರಿಗೆ ನನ್ನ ಗುರುತು ಸಿಗಲಿಲ್ಲ. ಮನೆಗೆ ಬಂದು ಅಕ್ಕನಿಗೆ ಅದನ್ನೂ ಹೇಳಿರಲಿಲ್ಲ.

ಮಗಳು ಕೇಳಿದ ಮಾತಿಗಿಂತ ಅಕ್ಕ ಹೇಳಿದ ಮಾತೇ ನನ್ನನ್ನು ತಿಂದಿತು. ಇಷ್ಟು ವರ್ಷ ಅವಳು ಯಾರನ್ನೂ ದೂರಿರಲಿಲ್ಲ. ದೇವಿಯೇ ತನ್ನನ್ನು ಬೇಡ ಎಂದಳು ಎಂದು ನಂಬಿ, ಅದಕ್ಕೆ ನಕ್ಕು, ನನ್ನ ಡಬ್ಬಿ ಕಟ್ಟಿ, ನನ್ನ ಮಗಳಿಗೆ ಜಡೆ ಹಾಕಿ ಕಾಲ ಕಳೆದಳು.

ಶುಕ್ರವಾರ ಮಗಳ ಹುಟ್ಟುಹಬ್ಬ. ಬೆಳಿಗ್ಗೆ ಬಸ್ಸು ಹತ್ತಿ ಎಲ್ಲರೂ ಕಾಮಾಕ್ಷಿಪಾಳ್ಯದ ಗುಡಿಗೆ ಹೋದೆವು. ಗುಡಿಗೆ ಗ್ರಾನೈಟ್ ಹಾಕಿಸಿದ್ದಾರೆ, ನಮ್ಮ ಹಳೇ ವರ್ಕ್‌ಶಾಪ್ ಇದ್ದ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿದೆ. ಅಕ್ಕ ಎಂದಿನಂತೆ ನಮ್ಮ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿ ಮೆಟ್ಟಿಲ ಪಕ್ಕ ನಿಂತಳು.

"ಬೇಗ್ ಬನ್ನಿ. ಆಮೇಲೆ ಯಾರ್ದೋ ಮೆಟ್ಕೊಂಡ್ ಹೋಗಿ ಸಿನಿಮಾ ಆದೀತು" ಎಂದಳು. ಹೆಂಡತಿ, ಮಗಳು ನಗುತ್ತಾ ಒಳಗೆ ಹೋದರು. ನಾನು ನಿಂತೆ.

"ನೀನ್ಯಾಕೋ ನಿಂತೆ? ಹೋಗು, ಮಂಗಳಾರತಿ ಆಗೋಗುತ್ತೆ."

"ಅಕ್ಕ, ಆ ಸಿನಿಮಾದಲ್ಲಿ ಹೋಳಿಗೆ ತಿಂತಾನಲ್ಲ..."

"ಹೂಂ, ಪಾಪದೋನು."

"ನಾನೂ ಹಂಗೇ ಮಾಡ್ದೆ. ಅವತ್ತು ನಾನು ಗುಡಿ ಒಳಗೇ ಹೋಗ್ಲಿಲ್ಲ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ನಾನು ಮೊಬೈಲ್ ಅಂಗಡಿಯ ಕಡೆ ಕೈ ತೋರಿಸಿ, ಅಲ್ಲಿ ಕೇರಂ ಆಡಿದ್ದನ್ನು, ಗುಡಿಯ ಬಾಗಿಲು ಹಾಕಿದ್ದನ್ನು, ಹೊಸ್ತಿಲಿಗೆ ಕಾಯಿ ಒಡೆದದ್ದನ್ನು, ಎಡಗಡೆ ಎಂದದ್ದನ್ನು ಒಂದೇ ಉಸಿರಿಗೆ ಹೇಳಿದೆ. ಡಬ್ಬಿಯ ಯೋಚನೆಯನ್ನೂ ಬಿಡಲಿಲ್ಲ. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ, ಚಪ್ಪಲಿಗಳನ್ನು ನೋಡುತ್ತಿದ್ದೆ.

"ಮತ್ತೆ ಆ ಕುಂಕುಮ?" ಎಂದಳು.

"ಮೆಷಿನ್ ಪೂಜೆಗೆ ಇಟ್ಟಿದ್ದು."

"ಎಣ್ಣೆ ವಾಸ್ನೆ ಬರ್ತಿತ್ತು. ನಿನ್ ಕೈದು ಅಂದ್ಕೊಂಡೆ."

ಒಳಗೆ ಗಂಟೆ ಬಾರಿಸಿದರು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು.

"ಒಳ್ಳೆಯವರಿದ್ರು ಕಣೋ ಅವರು" ಎಂದಳು. ಆಮೇಲೆ ಗುಡಿಯ ಬಾಗಿಲ ಕಡೆ ನೋಡಿ, "ಹಂಗಾದ್ರೆ ಅಮ್ಮನೋರು ನನ್ನ ಬೇಡ ಅಂದಿಲ್ವಾ?" ಎಂದಳು.

"ಇಲ್ಲ ಅಕ್ಕ. ಅವರನ್ನ ಯಾರೂ ಕೇಳೇ ಇಲ್ಲ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ತನ್ನ ಚಪ್ಪಲಿ ಬಿಟ್ಟು, ಬಗ್ಗಿ, ನಮ್ಮ ಚಪ್ಪಲಿಗಳ ಸಾಲಿನ ಕೊನೆಗೆ ಅವನ್ನು ಇಟ್ಟಳು. "ನೋಡ್ಕೋ" ಎಂದಷ್ಟೇ ಹೇಳಿ ಮೆಟ್ಟಿಲು ಹತ್ತತೊಡಗಿದಳು. ಮಂಡಿನೋವಿಗೆ ಒಂದೊಂದು ಮೆಟ್ಟಿಲಿಗೂ ನಿಲ್ಲುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ. ಮೂರನೇ ಮೆಟ್ಟಿಲಲ್ಲಿ ಅವಳು ನಿಂತಾಗ, ಪಕ್ಕದ ಹೂವಿನವಳು ತಿರುಗಿ ನೋಡುವಷ್ಟು ಜೋರಾಗಿ ನನ್ನ ಬಾಯಿಂದ ಬಂತು.

"ತಪ್ಪಾಯ್ತು ಅಕ್ಕ. ನಿಂಗೆ ಸುಳ್ಳು ಹೇಳ್ದೆ. ನಂದೇ ತಪ್ಪು. ತಪ್ಪಾಯ್ತಕ್ಕ."