ಒಂದ್ ನಮೂನಿಯ ಚೌಕಶಿ

ನನ್ನ ಬಾಯಿಂದ ಎರಡು ಮದುವೆ ಮುರಿದಿವೆ ಎಂದರೆ ನೀವು ನಂಬಲಿಕ್ಕಿಲ್ಲ. ನಾನು ಯಾರನ್ನೂ ಕುಡುಕ ಎನ್ನಲಿಲ್ಲ, ಜೂಜುಕೋರ ಎನ್ನಲಿಲ್ಲ. ‘ಒಂದ್ ನಮೂನಿ ಅದಾನ್ರಿ’ ಎಂದೆ, ಅಷ್ಟೇ.

ಇದು ನಿಜಾಮನ ಕಾಲದ ಮಾತು. ಕಲ್ಯಾಣದ ಪೇಟೆಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿಯಿತ್ತು. ಹೆಣ್ಣು ಕೊಡುವವರು ನಿಶ್ಚಯಕ್ಕೆ ಮೊದಲು ಹುಡುಗನ ಊರಿಗೆ ಬಂದು ಗುಟ್ಟಾಗಿ ವಿಚಾರಿಸುವುದಕ್ಕೆ ನಮ್ಮ ಕಡೆ ಚೌಕಶಿ ಎನ್ನುತ್ತಾರೆ. ಬಂದವರು ಯಾವುದೋ ಅಂಗಡಿಯಲ್ಲಿ ಬೇಡವಾದ ಪಾವಶೇರು ಬೆಲ್ಲ ಕೊಂಡು, ಹೊರಡುವಾಗ ನೆನಪಾದವರಂತೆ, ಇಂಥವರ ಮಗ ಹ್ಯಾಂಗ ಎಂದು ಕೇಳುತ್ತಾರೆ. ಅಂಗಡಿಯವ ಊರಿನ ಚಿತ್ರಗುಪ್ತನಲ್ಲವೇ! ಬಾಳೆಹಣ್ಣನ್ನು ಖಾರದ ಶೇಂಗಾಹಿಂಡಿಯಲ್ಲಿ, ಅಂದರೆ ಚಟ್ನಿಪುಡಿಯಲ್ಲಿ, ಅದ್ದಿ ತಿನ್ನುವ ಒಬ್ಬನನ್ನೂ, ಬಿಸಿಲಿನಲ್ಲಿ ಕೊಡೆ ಮಡಚಿ ನೆರಳಿನಲ್ಲಿ ಬಿಚ್ಚುವ ಇನ್ನೊಬ್ಬನನ್ನೂ ನಾನು ಆ ಎರಡು ಶಬ್ದಗಳಲ್ಲಿ ಮುಗಿಸಿದ್ದೆ. ಬೆಲ್ಲ ಕೊಂಡವರು ಮತ್ತೆ ಬರಲಿಲ್ಲ.

ನಮೂನಾ ಎಂಬುದು ಪಾರಸಿಯಿಂದ ಬಂದ ಮರ್ಯಾದೆಯ ಶಬ್ದ ಎಂದು ನನಗೆ ಉರ್ದು ಕಲಿಸಿದ ಮೌಲವಿ ಸಾಹೇಬರು ಹೇಳುತ್ತಿದ್ದರು. ಪಾರಸಿಯಲ್ಲಿ ಇದ್ದೀತು. ನಮ್ಮವರು ಅದಕ್ಕೆ ‘ಒಂದ್’ ಹಚ್ಚಿ ಮಾನ ಕಳೆದರು. ವಿಚಿತ್ರ ಎಂದರೆ, ಅಜೀಬ್ ಎಂದರೆ, ಯಾಕೆ ಎಂದು ಯಾರಾದರೂ ಕೇಳುತ್ತಾರೆ. ಒಂದ್ ನಮೂನಿಗೆ ಪುರಾವೆ ಬೇಡ. ಹೇಳುವಾಗ ತುಟಿ ಸ್ವಲ್ಪ ಸೊಟ್ಟ ಮಾಡಿದರೆ ಸಾಕು. ಕಳ್ಳನಿಗಾದರೂ ಖುಲಾಸೆಯುಂಟು, ಒಂದ್ ನಮೂನಿಯವನಿಗಿಲ್ಲ.

ಮಾಡಿದ್ದುಣ್ಣೋ ಮಹಾರಾಯ. ನನಗೂ ಒಂದು ಚಾಳಿಯಿತ್ತು. ಸಂಜೆ ಅಂಗಡಿ ಮುಚ್ಚುವಾಗ ಬೀಗಕ್ಕೆ ‘ಜ್ವಾಕಿಪಾ, ಮುಂಜಾನೆ ಬರ್ತೀನಿ’ ಎಂದು ಹೇಳಿಯೇ ಮನೆಗೆ ಹೋಗುತ್ತಿದ್ದೆ. ಹೇಳದಿದ್ದರೆ ಊಟ ರುಚಿಸುತ್ತಿರಲಿಲ್ಲ. ಇದನ್ನು ಎದುರಿನ ಅಂಗಡಿಯವ ಕೇಳಿಸಿಕೊಂಡಿದ್ದ. ನನಗೆ ಬಂದ ಎರಡು ಸಂಬಂಧಗಳೂ ಅವನ ಹತ್ತಿರ ಬೆಲ್ಲ ಕೊಂಡು ಹಾಗೇ ಊರಿಗೆ ಮರಳಿದವು. ಅವ್ವ ಸೋಮವಾರದ ಉಪವಾಸ ಹಿಡಿದಳು. ಇಡೀ ಜನ್ಮ ಬೀಗದೊಡನೆಯೇ ಮಾತಾಡಬೇಕಾದೀತೇ ಎಂದು ನನಗೂ ನಿಜಕ್ಕೂ ಹೆದರಿಕೆಯಾಯಿತು.

ಮೂರನೆಯದು ಹುಮನಾಬಾದಿನ ಸಂಬಂಧ. ಇದೂ ತಪ್ಪಿದರೆ ಇನ್ನು ಕೇಳುವವರಿಲ್ಲ ಎಂದು ಅಪ್ಪ ಹೇಳಿಬಿಟ್ಟಿದ್ದ. ಆ ವಾರ ನಾನು ಕೋಟೆಯ ಬದಿಗೆ ಸೋದರಮಾವನ ಎಣ್ಣೆ ಅಂಗಡಿ ನೋಡಿಕೊಳ್ಳುತ್ತಿದ್ದೆ. ತಲೆಗೆ ಬಿಳಿ ಪಟಗ ಸುತ್ತಿದ ಹಿರಿಯರೊಬ್ಬರು ಬಂದು ಪಾವಶೇರು ಎಣ್ಣೆ ಕೇಳಿದರು. ಪಾತ್ರೆ ತಂದಿರಲಿಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು.

‘ಪ್ಯಾಟ್ಯಾಗಿನ ಕಿರಾಣಿ ಸಂಗಪ್ಪನವರ ಮಗ ಹ್ಯಾಂಗ ಅದಾನ್ರಿ?’ ಎಂದರು.

ಸಂಗಪ್ಪ ಎಂದರೆ ನನ್ನಪ್ಪ. ಅವನಿಗೆ ಇರುವವನು ಒಬ್ಬನೇ ಮಗ. ಬಂಗಾರದಂಥ ಹುಡುಗ ಎನ್ನಲು ಬಾಯಿ ತೆರೆದೆ. ಆದರೆ ರೂಢಿ ಬಲು ಕೆಟ್ಟದ್ದು.

‘ಒಂದ್ ನಮೂನಿ ಅದಾನ್ರಿ’ ಎಂದುಬಿಟ್ಟೆ.

‘ಯಾಕ್ರಿ, ಏನ್ ಮಾಡ್ತಾನ?’

‘ಬೀಗದ ಜೋಡಿ ಮಾತಾಡ್ತಾನ್ರಿ.’

ಹಿರಿಯರು ಹತ್ತಿರ ಸರಿದರು. ‘ಬೈತಾನೋ, ಪ್ರೀತಿಲೇ ಮಾತಾಡ್ತಾನೋ?’

‘ಪ್ರೀತಿಲೇನ ಮಾತಾಡ್ತಾನ್ರಿ’ ಎಂದೆ. ಅವರು ತಲೆಯಾಡಿಸಿ, ಎಣ್ಣೆ ಮರೆತು ಹೋದರು.

ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಎಂಟು ದಿನಕ್ಕೆ ಹುಮನಾಬಾದಿನಿಂದ ಒಪ್ಪಿಗೆ ಬಂತು. ಅವ್ವ ಉಪವಾಸದ ಫಲ ಎಂದಳು. ನಿಶ್ಚಯದ ದಿನ ಬೀಗರ ಸಾಲಿನಲ್ಲಿ ಅದೇ ಬಿಳಿ ಪಟಗ ಕಂಡಿತು. ಹುಡುಗಿಯ ಅಪ್ಪನೇ ಅವರು! ನನ್ನ ಗುರುತು ಹಿಡಿದು, ಮೀಸೆಯಲ್ಲೇ ನಕ್ಕರು. ಯಾಕೆ ಒಪ್ಪಿದರೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹೆಂಡತಿ ಮನೆಗೆ ಬಂದ ಮೊದಲ ಮುಂಜಾನೆ ಉತ್ತರ ಸಿಕ್ಕಿತು. ಅಡುಗೆಮನೆಯಲ್ಲಿ ಅವಳು ಯಾರನ್ನೋ ಎಬ್ಬಿಸುತ್ತಿದ್ದಳು.

‘ಏಳವ್ವಾ, ಹೊತ್ತ ಏರಾಕತ್ತದ. ಇವತ್ತೊಂದಿನ ನನ್ನ ಮಾನ ಉಳಸು.’

ಇಣುಕಿ ನೋಡಿದೆ. ಇನ್ನೂ ಹೊತ್ತಿಕೊಳ್ಳದ ಒಲೆಯ ಮುಂದೆ ಅವಳೊಬ್ಬಳೇ ಕುಳಿತಿದ್ದಳು.

ಗಂಡಿನ ಕಡೆಯವರು ಹುಡುಗಿಯ ಊರಿಗೆ ಹೋಗಿ ಬೆಲ್ಲ ಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಕೊಂಡಿದ್ದರೆ ಹುಮನಾಬಾದಿನ ಅಂಗಡಿಯವ ತುಟಿ ಸೊಟ್ಟ ಮಾಡಿ ಏನೆನ್ನುತ್ತಿದ್ದನೆಂದು ನನಗೆ ಗೊತ್ತು. ನಾನು ಬಾಳೆಹಣ್ಣಿನವನಿಗೂ ಕೊಡೆಯವನಿಗೂ ಮಾಡಿದ ಪಾಪ ಆ ಮುಂಜಾನೆ ಚುಚ್ಚಿತು. ಇಬ್ಬರಿಗೂ ಮುಂದೆ ನಾನೇ ಓಡಾಡಿ ಹೆಣ್ಣು ಹುಡುಕಿದೆ. ಚೌಕಶಿಗೆ ಬಂದವರಿಗೆ ಈಗಲೂ ಒಂದ್ ನಮೂನಿ ಎಂದೇ ಹೇಳುತ್ತೇನೆ. ಆದರೆ ಹೇಳುವ ಮೊದಲು ಬೆಲ್ಲ ತೂಗುತ್ತ ಮೆಲ್ಲಗೆ ಕೇಳುತ್ತೇನೆ:

‘ನಿಮ್ಮ ಹುಡುಗಿ ಹ್ಯಾಂಗ ಅದಾಳ್ರಿ?’