ಗಾಡಿಯ ಆಚಮನ

ಕೀಲಿ ತಿರುಗಿಸಿದೊಡನೆ ನಮ್ಮವರ ಬೈಕು ಸೀಟಿನ ಕೆಳಗಿಂದ ‘ಝೂಂಯ್-ಟಕ್’ ಎನ್ನುತ್ತಿತ್ತು. ಇಂಜಿನ್ ಇನ್ನೂ ಶುರುವಾಗಿರುತ್ತಿರಲಿಲ್ಲ. ಮೊದಲ ಸಲ ಕೇಳಿದಾಗ, “ಇದೆಂತ ಇವ್ರೇ, ಹೊರಡುವ ಮೊದಲೇ ಗೊಣಗ್ತದೆ?” ಎಂದಿದ್ದೆ.

“ಗೊಣಗುವುದಲ್ಲ ಮಾರಾಯ್ತಿ. ಹೊಗೆ ಪೈಪಿನೊಳಗೆ ಒಂದು ರೆಕ್ಕೆ ಉಂಟು, ವಾಲ್ವ್ ಅಂತ. ಅದು ಒಮ್ಮೆ ತೆರೆದು ಮುಚ್ಚಿ ತನ್ನನ್ನು ತಾನೇ ನೋಡಿಕೊಳ್ಳುವುದು.”

“ಹಾಗಾದ್ರೆ ಆಚಮನ ಅನ್ನಿ.”

ಸೊಸೈಟಿಯ ವಾಚ್‌ಮನ್ ತಿರುಗಿ ನೋಡುವಷ್ಟು ನಕ್ಕರು. ಹೋಟೆಲಿಗೆ ಹೊರಡುವ ಗಡಿಬಿಡಿಯಲ್ಲೂ ಆಚಮನ ಬಿಟ್ಟವರಲ್ಲ ಅವರು. ಅಂದಿನಿಂದ ಗಾಡಿಯದ್ದೂ ಆಚಮನವೇ ಆಯಿತು.

ಠಾಣೆಯ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸುತ್ತ ಇಡೀ ದಿನ ಕೂರುವ ಮನುಷ್ಯನಿಗೆ ಇದ್ದದ್ದು ಅದೊಂದೇ ಶೋಕಿ. ವಾಶಿಯವರೊಬ್ಬರು ಓಡಿಸಿ ಬಿಟ್ಟ ದೊಡ್ಡ ಫೋರ್-ಸ್ಟ್ರೋಕ್ ಗಾಡಿ ಅದು. ಆ ರೆಕ್ಕೆಯಿಂದ ಏನು ಉಪಯೋಗ ಎಂದು ಒಮ್ಮೆ ಊಟಕ್ಕೆ ಬಡಿಸುವಾಗ ಕೇಳಿದೆ.

“ಡೊಂಬಿವಲಿಯಲ್ಲಿ ಲೋಕಲ್ ನಿಂತಾಗ ಎಂತಾಗ್ತದೆ? ನೀನು ಇಳಿಯಲಿಕ್ಕೆ ಹೋಗ್ತಿ, ಹತ್ತುವವರು ನಿನ್ನನ್ನು ವಾಪಸ್ ಒಳಗೇ ದೂಡ್ತಾರೆ, ಅಲ್ವಾ?”

ಸುಟ್ಟ ಹೊಗೆ ಹೊರಗೆ ಹೋಗುವಾಗಲೂ ಹಾಗೆಯೇ, ಪೈಪಿನೊಳಗೆ ಒಂದು ಅಲೆ ಹಿಂತಿರುಗಿ ಬರುತ್ತದಂತೆ. ಗಾಡಿ ನಿಧಾನ ಇದ್ದಾಗ ಅದು ಇಂಜಿನ್ನಿನ ಬಾಗಿಲು ತೆರೆದಿರುವ ಹೊತ್ತಿಗೇ ಬಂದು ಹೊಗೆಯನ್ನು ಒಳಕ್ಕೆ ನೂಕುತ್ತದೆ, ಇಂಜಿನ್ ಮುಗ್ಗರಿಸುತ್ತದೆ. ಆಗ ರೆಕ್ಕೆ ಅರ್ಧ ಮುಚ್ಚಿಕೊಂಡು ಆ ಅಲೆಯನ್ನು ಮುರಿಯುತ್ತದೆ. ವೇಗ ಏರಿದರೆ ಪೂರ್ತಿ ತೆರೆದು ದಾರಿ ಬಿಡುತ್ತದೆ.

“ಬಾಗಿಲಲ್ಲಿ ಅಡ್ಡ ನಿಲ್ಲುವವರಿಗೂ ಪುಣ್ಯ ಉಂಟು ಅಂತಾಯ್ತು,” ಎಂದೆ. ಅವರಿಗೆ ಸಾರು ನೆತ್ತಿಗೇರಿತು.

ನವಿ ಮುಂಬೈಯ ದೇವಸ್ಥಾನಕ್ಕೆ ಹೋಗುವಾಗ ಹಣ್ಣುಕಾಯಿಯ ಚೀಲ ಹಿಡಿದು ಹಿಂದೆ ಕೂರುತ್ತಿದ್ದೆ. ಮಾಜಿವಾಡಾದ ಟ್ರಾಫಿಕ್ಕಿನಲ್ಲಿ “ಈಗ ಅರ್ಧ ಮುಚ್ಚಿದೆ” ಎನ್ನುವರು. ಐರೋಲಿ ಸೇತುವೆಗೆ ಬಂದರೆ “ತೆರೀತು!” ಎಂದು ಕೂಗುವರು. ಅರ್ಧ ಮಾತು ಗಾಳಿಗೆ ಹೋಗುತ್ತಿತ್ತು.

ಒಂದು ಬೇಸಿಗೆಯಲ್ಲಿ, ಹೋಟೆಲಿನಲ್ಲಿ ಕೂತಲ್ಲಿಯೇ ಅವರ ಎದೆಬಡಿತ ನಿಂತಿತು. ಗಾಡಿಯಿಂದ ಬಿದ್ದು ಹೋಗಲಿಲ್ಲ. ಅಷ್ಟರಮಟ್ಟಿಗೆ ದೇವರು ಕಾದ. ಇಲ್ಲದಿದ್ದರೆ ಆ ಗಾಡಿಯ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಆಮೇಲೆ ಪ್ರತಿ ಶುಕ್ರವಾರ ದೀಪ ಹಚ್ಚಿದ ಮೇಲೆ ಕೆಳಗಿಳಿದು ಕೀಲಿ ತಿರುಗಿಸುತ್ತಿದ್ದೆ. ಓಡಿಸಲು ಬಾರದು, ಆ ಸದ್ದು ಕೇಳಿ ಮೇಲೆ ಬರುವುದು. ಅವರು ಇನ್ನೇನು ಹೊರಡುವುದರಲ್ಲಿದ್ದಾರೆ ಅನ್ನಿಸುವಷ್ಟು ಹೊತ್ತು ಸಾಕಿತ್ತು. ಮಳೆಗಾಲದಲ್ಲಿ ಸದ್ದು ನರಳಿಕೆಯಾಯಿತು. ಒಂದು ಶುಕ್ರವಾರ ನಡುವೆಯೇ ನಿಂತು, ಮೀಟರಿನಲ್ಲಿ ಹಳದಿ ದೀಪ ಹೊತ್ತಿತು.

ಮಗಳು ಉಲ್ಹಾಸನಗರದಿಂದ ಮೆಕ್ಯಾನಿಕ್ಕನನ್ನು ಕರೆಸಿದಳು. ಅವನು ಪೈಪಿನ ಹತ್ತಿರ ಕೂತು ನೋಡಿ, “ಜಂಗ್ ಲಗ್ ಗಯಾ, ಭಾಭೀ. ನಿಕಾಲ್ ದೇತೇ ಹೈಂ. ಸಬ್ ನಿಕಾಲ್‌ತೇ ಹೈಂ,” ಎಂದ. ತುಕ್ಕು ಹಿಡಿದಿದೆ, ಎಲ್ಲರೂ ತೆಗೆಸುತ್ತಾರೆ, ತೆಗೆದುಬಿಡೋಣ ಎಂದು.

“ಆವಾಜ್ ಜಾಯೇಗಾ?” ಎಂದು ಸದ್ದಿನ ಬಗ್ಗೆ ಕೇಳಿದೆ.

ಅವನು ಸೀಟಿನ ಕಡೆ ಬೆರಳು ತೋರಿಸಿದ. ಸದ್ದು ರೆಕ್ಕೆಯದ್ದಲ್ಲವಂತೆ. ಅದನ್ನು ಎಳೆಯುವ ಪುಟ್ಟ ಮೋಟಾರು ಸೀಟಿನ ಕೆಳಗಿದೆ, ಸದ್ದು ಅದರದ್ದು. ತಂತಿ ಕಳಚಿ ರೆಕ್ಕೆ ತೆಗೆದರೂ ಮೋಟಾರು ತನ್ನಷ್ಟಕ್ಕೆ ತಿರುಗುತ್ತದೆ, ಸದ್ದು ಮಾಡುತ್ತದೆ.

“ಅಮ್ಮಾ, ಸುನ್ನಾ ಹೀ ತೋ ಹೈ ನಾ ತುಝೇ,” ಎಂದಳು ಮಗಳು.

ಕೇಳುವುದಷ್ಟೇ ತಾನೇ! ಆದರೆ ಬರಿಗೈಯನ್ನು ಬಾಯಿಗೆ ತಂದರೆ ಆಚಮನವಾಗುತ್ತದೆಯೇ? ನೀರು ಬೇಡವೇ? ತೆಗೆಯುವುದು ಬೇಡಪ್ಪ, ತುಕ್ಕು ಬಿಡಿಸಿ ನೋಡು ಎಂದು ಮೆಕ್ಯಾನಿಕ್ಕನಿಗೆ ಹೇಳಿದೆ. ಅವನು ಎಣ್ಣೆ ಹೊಡೆದ, ಕಾಯಿಸಿದ, ಮೆಲ್ಲಗೆ ಬಡಿದ. ಪಾಪ, ಅವಸರ ಮಾಡಲಿಲ್ಲ. ಕೊನೆಗೆ ರೆಕ್ಕೆಯ ದಂಡವೇ ಮುರಿಯಿತು. “ಸಾರಿ, ಭಾಭೀ” ಎಂದು ಕಪ್ಪುಹಿಡಿದ ದುಂಡನೆಯ ತಗಡನ್ನು ಪೇಪರಿನಲ್ಲಿ ಸುತ್ತಿಕೊಟ್ಟ. ಹುಣಿಸೆಹಣ್ಣು ಹಚ್ಚಿ, ದೇವರ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದೆ. ಕಪ್ಪು ಹೋಗಲಿಲ್ಲ. ಅವರು ಓಡಿಸಿದ ದಾರಿಯ ಹೊಗೆ ಇಷ್ಟಾದರೂ ಕೈಗೆ ಉಳಿಯಿತಲ್ಲ ಎಂದುಕೊಂಡು ಅಡುಗೆಮನೆಯ ಡಬ್ಬಿಗಳ ಹಿಂದೆ ಇಟ್ಟೆ.

ಆಮೇಲಿನ ಶುಕ್ರವಾರಗಳಲ್ಲಿ ಕೆಳಗಿಳಿಯಲಿಲ್ಲ. ಗಾಡಿ ಮಾರುವುದೇ ಸರಿ ಎಂದು ಮಗಳಿಗೆ ನಾನೇ ಹೇಳಿದೆ. ಕೊಳ್ಳುವವರಿಗೆ ರೆಕ್ಕೆಯ ಸಂಗತಿಯನ್ನೂ ಮುಚ್ಚಿಡದೆ ಹೇಳಿಸಿದೆವು. ಕಲ್ಯಾಣದಿಂದ ಬಂದ ಹುಡುಗ ಗಾಡಿಗೆ ಕೈಮುಗಿದು ಕೂತ. ಅದೂ ಒಂದು ಸಮಾಧಾನವೇ.

ಕೀಲಿ ತಿರುಗಿಸಿದ. ಝೂಂಯ್-ಟಕ್.

ಮನೆಯಲ್ಲಿ ಎಂದೂ ಕನ್ನಡದಲ್ಲಿ ಉತ್ತರ ಕೊಡದ ಮಗಳು ನನ್ನ ಕೈ ಹಿಡಿದು, “ಅಮ್ಮಾ, ಆಚಮನ ಆಯ್ತು,” ಎಂದಳು.

ನೀರಿಲ್ಲ ಮಗಾ ಎಂದು ಬಾಯಿಗೆ ಬಂದಿತ್ತು. “ಹ್ಞೂಂ, ಆಯ್ತು,” ಎಂದೆ.